ಮೇಲಿನ ಹಲ್ಲು ಕೀಳಿಸಿ ಇಂಪ್ಲಾಂಟ್ ಹಾಕಿಸಿದರೆ ಕಣ್ಣು ಮಂಜಾಗುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಮೇಲಿನ ದವಡೆ ಹಲ್ಲು ಪೂರ್ತಿ ಹಾಳಾಗಿದೆ, ಕಿತ್ತು ಇಂಪ್ಲಾಂಟ್ (ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಹಲ್ಲು) ಹಾಕೋಣ ಎಂದಿದ್ದಾರೆ ಡಾಕ್ಟರು. ಮೇಲಿನ ಹಲ್ಲು ಮುಟ್ಟಿದರೆ ಕಣ್ಣಿಗೆ ಪೆಟ್ಟು ಎಂದು ಮನೆಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಬ್ರಿಡ್ಜ್ (ಆಚೀಚಿನ ಹಲ್ಲುಗಳ ಆಸರೆಯಲ್ಲಿ ನಡುವೆ ಕೂರಿಸುವ ಹಲ್ಲು) ಮಾಡಿಸಿದರೆ ಸಾಕಲ್ಲವೇ?

ಉತ್ತರ: ಕಣ್ಣಿಗೆ ಏನೂ ಆಗುವುದಿಲ್ಲ. ಹೋದ ಸಲ ಕೇಳಿದವರಿಗೂ ಇದೇ ಉತ್ತರ, ಮುಂದಿನ ಸಲ ಕೇಳುವವರಿಗೂ ಇದೇ. ಅಂದಹಾಗೆ, ಬ್ರಿಡ್ಜ್ ಮಾಡಿಸುವುದಾದರೂ ಆ ಹಾಳಾದ ಹಲ್ಲನ್ನು ಕೀಳಲೇಬೇಕು. ಕಣ್ಣಿನ ಭಯಕ್ಕೆ ಬ್ರಿಡ್ಜ್ ಮದ್ದಲ್ಲ.

ನೋಟವನ್ನು ಮಿದುಳಿಗೆ ಒಯ್ಯುವುದು ಎರಡನೇ ಕಪಾಲ ನರ, ಅಂದರೆ ಮಿದುಳಿಗೆ ನೇರವಾಗಿ ಸೇರುವ ನರಗಳಲ್ಲಿ ಎರಡನೆಯದು. ಕಣ್ಣುಗುಡ್ಡೆಯ ಹಿಂಭಾಗದಿಂದ ಹೊರಟು ತನ್ನದೇ ಮೂಳೆಯ ಕಿಂಡಿಯಲ್ಲಿ ಅದು ಹಿಂದಕ್ಕೆ ಹೋಗುತ್ತದೆ. ಹಲ್ಲುನೋವು ತಿಳಿಸುವುದು ಐದನೇ ನರದ ಕವಲು. ಹಲ್ಲು ಕಿತ್ತಾಗ ತುಂಡಾಗುವುದು ಬೇರಿನ ತುದಿಯಲ್ಲಿರುವ ಇದರ ಎಳೆ ಮಾತ್ರ. ಮೇಲಿನ ದವಡೆ ಹಲ್ಲಿಗೂ ಕಣ್ಣಿಗೂ ನಡುವೆ ಸುಮಾರು 3 ಸೆಂ.ಮೀ. ಎತ್ತರದ ಗಾಳಿ ತುಂಬಿದ ಪೊಳ್ಳು, ಅಂದರೆ ಸೈನಸ್ ಇದೆ. ಸಾಮಾನ್ಯ ಇಂಪ್ಲಾಂಟಿನ ಉದ್ದ 8ರಿಂದ 12 ಮಿ.ಮೀ. ಲೆಕ್ಕ ನೀವೇ ಹಾಕಿ. (ಕೆನ್ನೆಮೂಳೆಗೆ ಕೂರಿಸುವ ಉದ್ದನೆಯ ಇಂಪ್ಲಾಂಟ್ ಬೇರೆ ವಿಷಯ, ಒಂದು ಹಲ್ಲಿಗೆ ಅದನ್ನು ಯಾರೂ ಹಾಕುವುದಿಲ್ಲ.)

ಹಾಗಾದರೆ ಇಷ್ಟು ಜನ ಯಾಕೆ ನಂಬುತ್ತಾರೆ? ಹಲ್ಲು ಕೀಳಿಸುವ ವಯಸ್ಸೂ ಚಾಳೀಸು ಬರುವ, ಪೊರೆ ಬೆಳೆಯುವ ವಯಸ್ಸೂ ಒಂದೇ. ಹಲ್ಲು ಹೋದ ವರ್ಷವೇ ಪತ್ರಿಕೆಯ ಅಕ್ಷರ ಮಸುಕಾದರೆ ತಪ್ಪು ಹಲ್ಲಿನ ಡಾಕ್ಟರದ್ದು! ಮರಗಟ್ಟಿಸುವ ಇಂಜೆಕ್ಷನ್ನಿನಿಂದ ತೀರಾ ಅಪರೂಪಕ್ಕೆ ಒಂದು ವಸ್ತು ಎರಡಾಗಿ ಕಾಣುವುದುಂಟು. ಸಾಮಾನ್ಯವಾಗಿ ಮರಗಟ್ಟಿದ್ದು ಇಳಿದಂತೆ ಅದೂ ಹೋಗುತ್ತದೆ. ಇನ್ನು ಕೋರೆಹಲ್ಲಿನ ಬೇರಿನಲ್ಲಿ ಕೀವಾದರೆ ಕಣ್ಣಿನ ಕೆಳಗೆ ಊದಿಕೊಂಡು ರೆಪ್ಪೆಯೇ ಮುಚ್ಚಿಹೋಗುತ್ತದೆ. ನೋಡಿದವರು ಕಣ್ಣು ಹೋಯಿತು ಎನ್ನುತ್ತಾರೆ. ಆದರೆ ಅದು ಕೀಳದೆ ಬಿಟ್ಟ ಹಲ್ಲಿನ ಕೆಲಸ. ಆ ಸೋಂಕು ಅಪರೂಪಕ್ಕೆ ಕಣ್ಣಿನ ಗೂಡಿಗೂ ಮಿದುಳಿನ ಬುಡಕ್ಕೂ ಹಬ್ಬಬಲ್ಲದು. ಕಣ್ಣಿನ ಮೇಲೆ ನಿಜವಾಗಿ ಕಾಳಜಿ ಇದ್ದರೆ ಹಾಳಾದ ಹಲ್ಲನ್ನು ಬೇಗ ಕೀಳಿಸಬೇಕು.

ಹೆದರಲೇಬೇಕು ಎಂದಿದ್ದರೆ ಅದಕ್ಕೆ ಬೇರೆ ಕಾರಣಗಳಿವೆ. ಎಲುಬು ಸವೆತಕ್ಕೆಂದು ಅಮ್ಮ ವರ್ಷಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆಯೇ? ಹಲ್ಲು ಕೀಳುವ ಮೊದಲೇ ಹೇಳಿ, ದವಡೆಯ ಮೂಳೆ ಮಾಯದೆ ಉಳಿಯಬಹುದು. ಸಕ್ಕರೆ ಇದ್ದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ) 8 ದಾಟಿರುವಾಗ ಇಂಪ್ಲಾಂಟಿಗೆ ಅವಸರ ಬೇಡ. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡಬೇಡಿ. ಮೇಲಿನ ಹಿಂಭಾಗದಲ್ಲಿ ಸೈನಸ್ಸಿನ ಕೆಳಗೆ ನಾಲ್ಕೈದು ಮಿ.ಮೀ. ಮೂಳೆಯಷ್ಟೇ ಉಳಿದಿದ್ದರೆ ಸೈನಸ್ ಪೊರೆ ಎತ್ತಿ ಮೂಳೆಪುಡಿ ತುಂಬಬೇಕಾಗಬಹುದು, ಆಗ ಕಾಯುವ ಕಾಲವೂ ಹೆಚ್ಚು. ಇದು ಗೊತ್ತಾಗುವುದು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನಿನಲ್ಲಿ. ನರದ ಭಯ ನ್ಯಾಯವಾಗಿ ಇರಬೇಕಾದದ್ದು ಕೆಳದವಡೆಯಲ್ಲಿ: ಅಲ್ಲಿ ನರದಿಂದ 2 ಮಿ.ಮೀ. ದೂರ ಬಿಡದಿದ್ದರೆ ತುಟಿ, ಗದ್ದ ಜೋಮು ಹಿಡಿದು ಹಾಗೆಯೇ ಉಳಿಯಬಹುದು. ವಿಚಿತ್ರವೆಂದರೆ ಅದನ್ನು ಯಾರೂ ಕೇಳುವುದಿಲ್ಲ.

ಈಗ ಬ್ರಿಡ್ಜ್ ವಿಚಾರ. ಆಚೀಚಿನ ಎರಡು ಹಲ್ಲನ್ನು ಸುತ್ತಲೂ ಅರೆದು ಕ್ಯಾಪ್ ಕೂರಿಸುತ್ತಾರೆ, ಗಾಯ ಮಾಗಿದ ಮೇಲೆ ಒಂದೆರಡು ವಾರದ ಕೆಲಸ. ಆ ಹಲ್ಲುಗಳಿಗೆ ಈಗಾಗಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಇದ್ದರೆ ಬ್ರಿಡ್ಜೇ ಜಾಣತನ. ಎರಡೂ ಗಟ್ಟಿ ಹಲ್ಲುಗಳಾಗಿದ್ದರೆ ಅರೆಸಬೇಡಿ, ಇಂಪ್ಲಾಂಟ್ ಹಾಕಿಸಿ. ಹೋಗುತ್ತಿರುವುದು ಸಾಲಿನ ಕಟ್ಟಕಡೆಯ ಹಲ್ಲಾಗಿದ್ದು ಅಗಿಯಲು ತೊಂದರೆ ಇಲ್ಲದಿದ್ದರೆ ಏನನ್ನೂ ಹಾಕಿಸದೆ ಬಿಡಬಹುದು. ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಕಟ್ಟುಹಲ್ಲು ಅಗ್ಗ, ಆದರೆ ಒಂದೇ ಹಲ್ಲಿಗೆಂದು ಮಾಡಿಸಿದ್ದು ಡಬ್ಬಿಯಲ್ಲೇ ಉಳಿಯುವುದು ಹೆಚ್ಚು.

ಇಂಪ್ಲಾಂಟಿಗೆ ತಾಳ್ಮೆ ಬೇಕು. ಹಲ್ಲು ಕಿತ್ತ ಗುಳಿ ತುಂಬಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು. ಟೈಟಾನಿಯಂ ಸ್ಕ್ರೂ ಕೂರಿಸಿದ ಮೇಲೆ ಮೂಳೆ ಅದನ್ನು ಬಿಗಿಯಾಗಿ ಹಿಡಿಯಲು ಮೇಲಿನ ದವಡೆಯಲ್ಲಿ ಇನ್ನೂ ನಾಲ್ಕರಿಂದ ಆರು ತಿಂಗಳು. ಆಮೇಲೆ ಒಸಡು ಆಕಾರಕ್ಕೆ ಬರಲೆಂದು ಹೀಲಿಂಗ್ ಕ್ಯಾಪ್, ಎರಡು ವಾರ ಬಿಟ್ಟು ಅಳತೆ, ಕೊನೆಗೆ ಅಬಟ್‌ಮೆಂಟ್ (ಸ್ಕ್ರೂವಿಗೂ ಕ್ಯಾಪಿಗೂ ನಡುವಿನ ಕೊಂಡಿ) ಮತ್ತು ಕ್ಯಾಪ್. ಕ್ಯಾಪನ್ನು ಸಿಮೆಂಟಿನಿಂದ ಅಂಟಿಸುವ ಬದಲು ಸ್ಕ್ರೂನಿಂದ ಬಿಗಿಸಲು ಸಾಧ್ಯವೇ ಎಂದು ಕೇಳಿ. ಒಸಡಿನ ಕೆಳಗೆ ಸಿಮೆಂಟಿನ ಚೂರು ಉಳಿದರೆ ಅಲ್ಲಿ ಉರಿಯೂತವಾಗಿ ಸುತ್ತಲ ಮೂಳೆ ಕರಗಬಹುದು.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಇಂಪ್ಲಾಂಟಿನ ಪೊಟ್ಟಣದ ಮೇಲೆ ಕಂಪನಿ, ಮಾಡೆಲ್, ಅಗಲ, ಉದ್ದ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಳಿ ಪಡೆದು ಫೋಟೋ ತೆಗೆದಿಡಿ. ಒಳಗಿನ ಸ್ಕ್ರೂ ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನು ತಿರುಗಿಸುವ ಡ್ರೈವರೂ ಬೇರೆ. ಐದು ವರ್ಷದ ಮೇಲೆ ಅಮ್ಮ ಮಗಳ ಮನೆಗೆಂದು ಡಲ್ಲಾಸಿಗೆ ಹೋದಾಗ ಕ್ಯಾಪ್ ಅಲುಗಾಡಿದರೆ, ಅಲ್ಲಿನ ಡಾಕ್ಟರು ಮೊದಲು ಕೇಳುವುದು ಯಾವ ಕಂಪನಿಯದು ಎಂದು. ಆ ಫೋಟೋ ಇದ್ದರೆ ಅರ್ಧ ಗಂಟೆಯಲ್ಲಿ ಬಿಗಿ ಮಾಡಿ ಕಳಿಸಬಹುದು. ಇಲ್ಲದಿದ್ದರೆ ಎಕ್ಸ್‌ರೇ ನೋಡಿ ಊಹಿಸುತ್ತಾ ಕೂರಬೇಕು.