ಬಿಡುಗಡೆಯ ಹಣ ಯಾರ ಕೈ ಸೇರಿತು? ಡೆಮೆರಾರದ ಗುಲಾಮಗಿರಿ ಕುರಿತ ಟಿಪ್ಪಣಿ

"1833ರಲ್ಲಿ ಬ್ರಿಟನ್ ಗುಲಾಮಗಿರಿ ರದ್ದು ಮಾಡಿತು." ನಾವೆಲ್ಲ ಬಾಯಿಪಾಠ ಮಾಡಿರುವ ಸಾಲು ಇದು. ಸಾಲು ತಪ್ಪಲ್ಲ. ಆದರೆ ಇಷ್ಟನ್ನೇ ಓದಿದರೆ ಗುಲಾಮರು ಸುಮ್ನೆ ಕಾಯುತ್ತಾ ಕೂತಿದ್ದರು, ಲಂಡನ್ನಿನಿಂದ ಬಿಡುಗಡೆ ಬಂತು ಅನ್ನಿಸುತ್ತದೆ. ಅದಕ್ಕೇ ಪರೀಕ್ಷೆಗೆ ಈ ಪಾಠ ಓದುವಾಗ ಒಂದೇ ವಸಾಹತನ್ನು ಹಿಡಿದು ಓದೋಣ.

ದಕ್ಷಿಣ ಅಮೆರಿಕದ ಉತ್ತರ ಕರಾವಳಿಯ ಡೆಮೆರಾರ ಇವತ್ತಿನ ಗಯಾನಾ ದೇಶದ ಭಾಗ. ಮೊದಲು ಡಚ್ಚರದು, ಆಮೇಲೆ ಬ್ರಿಟಿಷರದು. ಇಲ್ಲಿನ ನೆಲ ಸಮುದ್ರಮಟ್ಟಕ್ಕಿಂತ ತಗ್ಗು. ಒಡ್ಡು ಕಟ್ಟಿ, ಕಾಲುವೆ ತೋಡಿ ನೀರನ್ನು ಹೊರಗೆ ಹಾಕಿದರೆ ಮಾತ್ರ ಕಬ್ಬು ಬೆಳೆಯುತ್ತದೆ. ಆ ಒಡ್ಡು, ಆ ಕಾಲುವೆ ಎಲ್ಲವನ್ನೂ ಗುಲಾಮರೇ ಮೊಣಕಾಲುದ್ದ ಕೆಸರಲ್ಲಿ ನಿಂತು ಅಗೆದರು. ಬ್ರಿಟನ್ನಿನ 1807ರ ಕಾಯ್ದೆ ನಿಲ್ಲಿಸಿದ್ದು ಗುಲಾಮರ ಸಾಗಾಟ ಮತ್ತು ವ್ಯಾಪಾರವನ್ನು ಮಾತ್ರ. ಆಗಲೇ ಗುಲಾಮರಾಗಿದ್ದವರು ಗುಲಾಮರಾಗಿಯೇ ಉಳಿದರು. 1807 ಮತ್ತು 1833ರ ವ್ಯತ್ಯಾಸ ಇದೇ, ಕಲಸಿಕೊಳ್ಳಬೇಡಿ.

1823ರಲ್ಲಿ ಲಂಡನ್ ಸರ್ಕಾರ ಒಂದು ಸೂಚನೆ ಕಳಿಸಿತು. ಹೆಂಗಸರಿಗೆ ಚಾಟಿಯಲ್ಲಿ ಹೊಡೆಯಬಾರದು, ಹೊಲದಲ್ಲಿ ಮೇಸ್ತ್ರಿ ಚಾಟಿ ಹಿಡಿದು ನಿಲ್ಲಬಾರದು. ಗವರ್ನರ್ ಜಾನ್ ಮರ್ರೆ ಇದನ್ನು ಗುಲಾಮರಿಗೆ ತಿಳಿಸಲೇ ಇಲ್ಲ. ಆದರೆ ಮಾಲೀಕರ ಮನೆಗಳಲ್ಲಿ ನಡೆದ ಮಾತು ಮನೆಗೆಲಸದವರ ಕಿವಿಗೆ ಬೀಳದೆ ಇರುತ್ತದೆಯೇ? ದೊರೆ ನಮ್ಮನ್ನು ಬಿಡುಗಡೆ ಮಾಡಿದ್ದಾನೆ, ಇವರು ಮುಚ್ಚಿಡುತ್ತಿದ್ದಾರೆ ಎಂಬ ಸುದ್ದಿ ತೋಟದಿಂದ ತೋಟಕ್ಕೆ ಹಬ್ಬಿತು.

ಆಗಸ್ಟ್ 18ರಂದು ದಂಗೆ ಶುರುವಾಯಿತು. 10 ಸಾವಿರಕ್ಕೂ ಹೆಚ್ಚು ಜನ ಎದ್ದು ನಿಂತರು. ಮುಂದಾಳುಗಳಲ್ಲಿ ಒಬ್ಬ ಜ್ಯಾಕ್ ಗ್ಲ್ಯಾಡ್‌ಸ್ಟೋನ್, 'ಸಕ್ಸೆಸ್' ಎಂಬ ತೋಟದಲ್ಲಿ ಪೀಪಾಯಿ ಮಾಡುವವನು. ಅವನ ಅಪ್ಪ ಕ್ವಾಮಿನಾ ಅದೇ ತೋಟದ ಹಿರಿಯ ಬಡಗಿ, ಚರ್ಚಿನಲ್ಲೂ ಗೌರವದ ಸ್ಥಾನದಲ್ಲಿದ್ದವನು. ರಕ್ತ ಹರಿಸಬೇಡಿ ಎಂದು ಕ್ವಾಮಿನಾ ಹೇಳುತ್ತಲೇ ಇದ್ದ. ದಂಗೆಯೆದ್ದವರು ಮಾಲೀಕರನ್ನು, ಮೇಲ್ವಿಚಾರಕರನ್ನು ಕೂಡಿಹಾಕಿದರು. ಅಷ್ಟು ದೊಡ್ಡ ದಂಗೆಯಲ್ಲಿ ಸತ್ತ ಬಿಳಿಯರು ಬೆರಳೆಣಿಕೆಯಷ್ಟು. ಸೇನಾಧಿಕಾರಿ ಬಂದು ಏನು ಬೇಕು ಎಂದಾಗ ಕೆಲವರು ಭಾನುವಾರದ ಜೊತೆ ವಾರದಲ್ಲಿ ಇನ್ನೂ ಕೆಲವು ದಿನ ನಮಗೇ ಬಿಡಿ ಎಂದರು. ಕೆಲವರು ನೇರವಾಗಿ ಬಿಡುಗಡೆ ಕೇಳಿದರು. ಉತ್ತರವಾಗಿ ಬಂದದ್ದು ಗುಂಡು. ನೂರಾರು ಜನ ಸತ್ತರು. ಕ್ವಾಮಿನಾನನ್ನು ಕೊಂದು, ಅವನ ಹೆಣವನ್ನು ಸರಪಳಿ ಬಿಗಿದು ಸಕ್ಸೆಸ್ ತೋಟದ ಮುಂದೆಯೇ ತೂಗುಹಾಕಿದರು. ಕ್ವಾಮಿನಾ ಹೋಗುತ್ತಿದ್ದ ಚರ್ಚಿನ ಪಾದ್ರಿ ಜಾನ್ ಸ್ಮಿತ್‌ಗೂ, ದಂಗೆಗೆ ಕುಮ್ಮಕ್ಕು ಕೊಟ್ಟನೆಂದು, ಮರಣದಂಡನೆ ವಿಧಿಸಿದರು. ಆತ 1824ರ ಫೆಬ್ರವರಿಯಲ್ಲಿ ಜೈಲಿನಲ್ಲೇ ತೀರಿಕೊಂಡ. ಬ್ರಿಟನ್ನಿನ ಜನ ಜಾಸ್ತಿ ಮರುಗಿದ್ದು ಈ ಪಾದ್ರಿಗೆ. ಸತ್ತ ಗುಲಾಮರ ಹೆಸರು ಕೇಳಿದವರು ಕಡಿಮೆ, ಇದು ಮನಸ್ಸಿಗೆ ಚುಚ್ಚುತ್ತದೆ.

ಮುಂದೆ 1831ರ ಕೊನೆಗೆ ಜಮೈಕಾದಲ್ಲಿ ಸ್ಯಾಮ್ ಶಾರ್ಪ್ ಮುಂದಾಳತ್ವದಲ್ಲಿ ಇನ್ನೂ ದೊಡ್ಡ ದಂಗೆಯಾಯಿತು. ಅದಾಗಿ ಎರಡು ವರ್ಷ ತುಂಬುವ ಮೊದಲೇ 1833ರ ಕಾಯ್ದೆ ಬಂತು. ಈ ನಂಟನ್ನು ಉತ್ತರದಲ್ಲಿ ಬರೆಯಲೇಬೇಕು.

ಈಗ ಕಾಯ್ದೆಯ ವಿಷಯ. ಅದು ಜಾರಿಯಾದದ್ದು 1834ರ ಆಗಸ್ಟ್ 1ರಂದು. ಆ ದಿನ ನಿಜವಾಗಿ ಬಿಡುಗಡೆಯಾದವರು 6 ವರ್ಷದೊಳಗಿನ ಮಕ್ಕಳು. ಉಳಿದವರು 'ಅಪ್ರೆಂಟಿಸ್'ಗಳಾದರು. ಅಂದರೆ ಅದೇ ಮಾಲೀಕನ ಹತ್ತಿರ ವಾರಕ್ಕೆ 45 ಗಂಟೆಯವರೆಗೆ ಕೂಲಿಯಿಲ್ಲದ ದುಡಿಮೆ. ಆಂಟಿಗುವಾ, ಬರ್ಮುಡಾಗಳು ಮಾತ್ರ ಈ ಪದ್ಧತಿ ಬೇಡವೆಂದವು. ಪ್ರತಿಭಟನೆ ಜೋರಾಗಿ 1838ರ ಆಗಸ್ಟ್ 1ಕ್ಕೆ ಇದು ನಿಂತಿತು. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಕಾಯ್ದೆ ಹೊರಗಿಟ್ಟಿತ್ತು. ಹಾಗಾಗಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಮಂಗಳೂರು, ಬಳ್ಳಾರಿಗಳಿಗೆ 1833ರ ಕಾಯ್ದೆ ಅನ್ವಯಿಸಲಿಲ್ಲ. ಭಾರತದ ಕಾಯ್ದೆ ಬಂದದ್ದು 1843ರಲ್ಲಿ.

ಪರಿಹಾರವೆಂದು ಬ್ರಿಟನ್ 2 ಕೋಟಿ ಪೌಂಡ್ ಕೊಟ್ಟಿತು. ಕೊಟ್ಟದ್ದು ಮಾಲೀಕರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಇದಕ್ಕಾಗಿ ಮಾಡಿದ ಸಾಲದ ಬಾಕಿ ಬ್ರಿಟಿಷ್ ಖಜಾನೆಯ ಲೆಕ್ಕದಲ್ಲಿ ಪೂರ್ತಿ ಚುಕ್ತಾ ಆದದ್ದು 2015ರಲ್ಲಿ! ಸಕ್ಸೆಸ್ ತೋಟದ ಮಾಲೀಕನಾಗಿದ್ದ ಜಾನ್ ಗ್ಲ್ಯಾಡ್‌ಸ್ಟೋನ್‌ಗೆ, ಅವನ ಎಲ್ಲ ತೋಟಗಳ 2,500ಕ್ಕೂ ಹೆಚ್ಚು ಗುಲಾಮರ ಲೆಕ್ಕದಲ್ಲಿ, 1 ಲಕ್ಷ ಪೌಂಡಿಗೂ ಹೆಚ್ಚು ಸಿಕ್ಕಿತು. ಜ್ಯಾಕ್‌ನ ಹೆಸರಿನ ಕೊನೆಗಿರುವುದು ಈ ಮಾಲೀಕನ ಹೆಸರೇ.

ಬಿಡುಗಡೆಯಾದವರು ನೆಲವನ್ನು ತಮ್ಮದೇ ದುಡ್ಡಲ್ಲಿ ಕೊಂಡರು. 1839ರಲ್ಲಿ 83 ಜನ ಉಳಿತಾಯ ಕೂಡಿಹಾಕಿ ನಾರ್ತ್‌ಬ್ರುಕ್ ಎಂಬ ಪಾಳು ತೋಟ ಖರೀದಿಸಿದರು. ನಾಣ್ಯಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಕೊಟ್ಟರೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಅದೇ ವಿಕ್ಟೋರಿಯಾ ಎಂಬ ಹಳ್ಳಿಯಾಯಿತು. ಮರುವರ್ಷ ಬಕ್ಸ್‌ಟನ್ ಹಳ್ಳಿಯೂ ಹೀಗೇ ಹುಟ್ಟಿತು. ನನ್ನ ಪ್ರಕಾರ ಈ ಪಾಠದ ಮುಖ್ಯ ಭಾಗವೇ ಇದು, ಆದರೆ ಗೈಡುಗಳಲ್ಲಿ ಸಿಗುವುದೇ ಅಪರೂಪ.

ಮಾಲೀಕರಿಗೆ ಬೇಕಿದ್ದದ್ದು ಅಗ್ಗದ ಕೂಲಿ. ಜಾನ್ ಗ್ಲ್ಯಾಡ್‌ಸ್ಟೋನ್ ಕಲ್ಕತ್ತೆಯ ಏಜೆಂಟರಿಗೆ ಪತ್ರ ಬರೆದ. 1838ರ ಮೇ ತಿಂಗಳಲ್ಲೇ, ಅಂದರೆ ಅಪ್ರೆಂಟಿಸ್ ಪದ್ಧತಿ ಮುಗಿಯುವುದಕ್ಕೂ ಮೊದಲೇ, ವಿಟ್ಬಿ ಮತ್ತು ಹೆಸ್ಪೆರಸ್ ಹಡಗುಗಳು ಭಾರತದ ಕೂಲಿಗಳನ್ನು ತಂದಿಳಿಸಿದವು. ಕರಾರಿನ ಮೇಲೆ ಬಂದವರು ಗುಲಾಮರಲ್ಲ, ಅವರಿಗೆ ಕೂಲಿಯಿತ್ತು, ಅವಧಿಯಿತ್ತು. ಆದರೆ ಕರಾರು ಮುರಿದರೆ ಜೈಲು. 1848ರಲ್ಲಿ ಕೂಲಿ ಇಳಿಸಿದಾಗ ಬಿಡುಗಡೆಯಾದ ಕರಿಯರು ಮುಷ್ಕರ ಹೂಡಿದರೂ, ಕರಾರು ಕೂಲಿಗಳು ಕೆಲಸ ಬಿಡುವಂತಿರಲಿಲ್ಲ. ಮುಷ್ಕರ ಸೋತಿತು. 1917ರಲ್ಲಿ ಈ ಸಾಗಾಟ ನಿಲ್ಲುವ ಹೊತ್ತಿಗೆ ಸುಮಾರು 2.39 ಲಕ್ಷ ಭಾರತೀಯರು ಬ್ರಿಟಿಷ್ ಗಯಾನಾಕ್ಕೆ ಹೋಗಿದ್ದರು.