ನೆಲ ನಿಜಕ್ಕೂ ಡೊಂಕಿದ್ದರೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಂದ್ರ ಸ್ವರ ನುಡಿಸುವ ಬೇಸ್ ಗಿಟಾರ್ ಕಲಿಯುವವರಲ್ಲಿ ನಾನು ಕಾಣುವುದು ಇದರ ಉಲ್ಟಾ. ನೆಲವೇ ಡೊಂಕಾಗಿರುತ್ತದೆ, ಅವರು ತಮ್ಮ ಕಾಲನ್ನು ಬೈದುಕೊಳ್ಳುತ್ತಿರುತ್ತಾರೆ. ‘ನನ್ನ ಬೆರಳು ಚಿಕ್ಕದು ಸರ್, ಬಲ ಸಾಲಲ್ಲ, ಬೇಸ್ ನನಗೆ ಒಗ್ಗಲ್ಲ ಅನ್ಸುತ್ತೆ’ ಎನ್ನುತ್ತಾ ವಾದ್ಯವನ್ನು ನನ್ನ ರಿಪೇರಿ ಮೇಜಿನ ಮೇಲೆ ಇಡುತ್ತಾರೆ. ಎತ್ತಿ ಹಿಡಿದು ನೆಕ್ (ತಂತಿ ಒತ್ತುವ ಉದ್ದನೆಯ ಕತ್ತು) ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದರೆ ಬಿಲ್ಲಿನ ಹಾಗೆ ಬಾಗಿರುತ್ತದೆ. 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ತಂತಿ 4 ಮಿಲಿಮೀಟರ್ ಮೇಲೆ ತೇಲುತ್ತಿರುತ್ತದೆ. ಅದನ್ನು ಒತ್ತಿ ಅರ್ಧ ಗಂಟೆ ನುಡಿಸು ಅಂದರೆ ನನ್ನ ಕೈಯಲ್ಲೂ ಆಗುವುದಿಲ್ಲ.

ಹೊಸ ವಾದ್ಯ ಹೀಗಾಗಲು ಕಾರಣ ಸುಲಭ. ನಾಲ್ಕು ತಂತಿಯ ಬೇಸ್‌ನಲ್ಲಿ ಒಂದೊಂದು ತಂತಿಯ ಎಳೆತ ಸುಮಾರು 18 ಕೆ.ಜಿ. ನಾಲ್ಕೂ ಸೇರಿದರೆ 70 ಕೆ.ಜಿ. ಆಸುಪಾಸು. ಒಬ್ಬ ವಯಸ್ಕ ಮನುಷ್ಯ ಹಗಲೂ ರಾತ್ರಿ ಆ ಉದ್ದನೆಯ ಮರಕ್ಕೆ ಜೋತುಬಿದ್ದ ಹಾಗೆ. ಅದರ ಮೇಲೆ ಗಾಳಿಯ ತೇವ ಬದಲಾದಾಗಲೆಲ್ಲ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಕಾರ್ಖಾನೆಯಲ್ಲಿ ಸರಿಯಾಗಿದ್ದ ನೆಕ್ ನಿಮ್ಮ ಕೈಗೆ ಬರುವಷ್ಟರಲ್ಲಿ ಸರಿಯಾಗಿಯೇ ಇರಬೇಕು ಅಂತೇನೂ ಇಲ್ಲ. ಇದಕ್ಕೆಂದೇ ನೆಕ್ ಒಳಗೆ ಟ್ರಸ್ ರಾಡ್ ಅನ್ನುವ ಉಕ್ಕಿನ ಸರಳು ಇರುತ್ತದೆ. ತಂತಿ ಮುಂದಕ್ಕೆ ಎಳೆದರೆ ಇದು ಹಿಂದಕ್ಕೆ ಎಳೆಯುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ತಂತಿ ಎತ್ತರ ಇದೆ ಅನ್ನಿಸಿದ ತಕ್ಷಣ ಬ್ರಿಡ್ಜ್ (ದೇಹದ ಮೇಲೆ ತಂತಿ ಕಟ್ಟುವ ಜಾಗ) ಮೇಲಿನ ಸ್ಯಾಡಲ್, ಅಂದರೆ ತಂತಿ ಕೂರುವ ತುಂಡು, ಇಳಿಸಿಬಿಡುತ್ತಾರೆ. ಆಗ 12ರ ಆಚೆಯ ಫ್ರೆಟ್‌ಗಳಲ್ಲಿ ಝರ್ ಅನ್ನುತ್ತದೆ. ಅದಕ್ಕೆ ಟ್ರಸ್ ರಾಡ್ ತಿರುಗಿಸುತ್ತಾರೆ. ಈಗ ಎತ್ತರವೇ ಬೇರೆಯಾಯಿತು, ಮತ್ತೆ ಸ್ಯಾಡಲ್. ಸಂಜೆಯವರೆಗೆ ಇದೇ ಓಡಾಟ. ಕ್ರಮ ಒಂದೇ: ಮುಂದೆ ನುಡಿಸಲಿರುವ ತಂತಿಯನ್ನೇ ಹಾಕಿ ಶ್ರುತಿ ಮಾಡಿ, ಆಮೇಲೆ ನೆಕ್, ಆಮೇಲೆ ಎತ್ತರ, ಆಮೇಲೆ ಇಂಟೊನೇಷನ್ (ಎಲ್ಲ ಫ್ರೆಟ್ಟಿನಲ್ಲೂ ಶ್ರುತಿ), ಕೊನೆಗೆ ಪಿಕಪ್ (ತಂತಿಯ ಆಟವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ). ಮುಂದಿನದನ್ನು ಮುಟ್ಟಿದರೆ ಹಿಂದಿನದು ಅಷ್ಟಾಗಿ ಕದಲುವುದಿಲ್ಲ. ಹಿಂದಿನದನ್ನು ಮುಟ್ಟಿದರೆ ಮುಂದಿನದೆಲ್ಲ ಕದಲುತ್ತದೆ.

ನೆಕ್ ನೋಡಲು ವಿಶೇಷ ಸಲಕರಣೆ ಬೇಡ. ಬಿಗಿಯಾದ ತಂತಿಯೇ ನೇರ ಅಳತೆಪಟ್ಟಿ. ಮೊದಲ ಫ್ರೆಟ್ ಒಂದು ಕೈಯಲ್ಲಿ ಒತ್ತಿ, ಕೊನೆಯ ಫ್ರೆಟ್ ಇನ್ನೊಂದು ಕೈಯಲ್ಲಿ ಒತ್ತಿ. ಈಗ 7ನೇ, 8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಸಂದು ಇದೆ ನೋಡಿ. 0.3 ಮಿ.ಮೀ. ಸುತ್ತಮುತ್ತ ಇದ್ದರೆ ಚೆನ್ನ, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು. ಸಂದೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ವಾಲಿದೆ. ನಾಲ್ಕೈದು ಕಾರ್ಡ್ ತೂರಿದರೆ ಮುಂದಕ್ಕೆ ಬಾಗಿದೆ.

‘ಪೂರ್ತಿ ನೆಟ್ಟಗಿದ್ದರೆ ಒಳ್ಳೇದಲ್ವಾ?’ ಎಂದು ಕೇಳುತ್ತಾರೆ. ಮಕ್ಕಳು ಇಬ್ಬರು ಹಗ್ಗ ಹಿಡಿದು ತಿರುಗಿಸುವುದನ್ನು ನೆನಪಿಸಿಕೊಳ್ಳಿ. ತುದಿಗಳಲ್ಲಿ ಹಗ್ಗ ಅಷ್ಟಾಗಿ ಅಲುಗುವುದಿಲ್ಲ, ನಡುವೆ ದೊಡ್ಡ ಸುತ್ತು ಹೊಡೆಯುತ್ತದೆ. ಬೇಸ್‌ನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಆಡುತ್ತದೆ, ಆಟ ಕಣ್ಣಿಗೇ ಕಾಣುತ್ತದೆ. ಅದಕ್ಕೆ ಜಾಗ ಬೇಕು. ಆ ಜಾಗವೇ ನೆಕ್‌ನ ಈ ಚೂರು ಬಾಗು.

ಟ್ರಸ್ ರಾಡ್ ಬಲಕ್ಕೆ ತಿರುಗಿಸಿದರೆ ಬಿಗಿಯಾಗಿ ನೆಕ್ ನೆಟ್ಟಗಾಗುತ್ತದೆ, ಎಡಕ್ಕೆ ತಿರುಗಿಸಿದರೆ ಸಡಿಲವಾಗಿ ಬಾಗು ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಮರ ನಿಧಾನಸ್ಥ. ಇವತ್ತು ತಿರುಗಿಸಿದ್ದಕ್ಕೆ ನಾಳೆಯೂ ಸ್ವಲ್ಪ ಕದಲುತ್ತದೆ. ಜೋರು ಹಾಕಿದರೂ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಬಲ್ಲವರಿಗೆ ತೋರಿಸಿ.

ಕೆಲಸ ಶುರುಮಾಡಿದ ಹೊಸದರಲ್ಲಿ ನಾನೇ ಒಂದು ಎಡವಟ್ಟು ಮಾಡಿದ್ದೆ. ಟ್ರಸ್ ರಾಡ್‌ನ ನಟ್ ಇಂಚಿನ ಅಳತೆಯದು, 3/16 ಇಂಚು, ಅಂದರೆ 4.76 ಮಿ.ಮೀ. ನನ್ನ ಕೈಲಿದ್ದದ್ದು 4.5 ಮಿ.ಮೀ. ಅಲೆನ್ ಕೀ. ಒಳಗೆ ಹೋಯಿತಲ್ಲ, ಸಾಕು ಅಂದುಕೊಂಡೆ. ಎರಡನೇ ತಿರುವಿಗೆ ಆರು ಮೂಲೆಯೂ ಸವೆದು ದುಂಡಗಾಯಿತು. ಆ ನಟ್ ಹೊರತೆಗೆಯಲು ಒಂದು ಇಡೀ ದಿನ ಹಿಡಿಯಿತು. ಅವತ್ತಿನಿಂದ ನನ್ನ ಡಬ್ಬಿಯಲ್ಲಿ ಇಂಚಿನ ಕೀಗಳು ಒಂದು ಕಡೆ, ಮಿಲಿಮೀಟರ್ ಕೀಗಳು ಇನ್ನೊಂದು ಕಡೆ. (ನಟ್ ಎನ್ನುವ ಹೆಸರು ಈ ವಾದ್ಯದಲ್ಲಿ ಎರಡು ಕಡೆ ಬರುತ್ತದೆ. ತಲೆಯ ಹತ್ತಿರ ತಂತಿ ಕೂರುವ ಕಚ್ಚುಗಳಿರುವ ಪಟ್ಟಿಯೂ ನಟ್ಟೇ. ಅದರ ಮಾತು ಸ್ವಲ್ಪ ಹೊತ್ತಿಗೆ.)

ನೆಕ್ ಸರಿಯಾದ ಮೇಲೆ ಎತ್ತರ. 12ನೇ ಫ್ರೆಟ್‌ನ ನೆತ್ತಿಯಿಂದ ತಂತಿಯ ತಳಕ್ಕೆ ದಪ್ಪ ಇ ತಂತಿಯ ಕಡೆ 2.5 ಮಿ.ಮೀ., ಸಪೂರ ಜಿ ತಂತಿಯ ಕಡೆ 2 ಮಿ.ಮೀ. ಇಟ್ಟು ಶುರುಮಾಡಿ. ಆಮೇಲೆ ನಿಮ್ಮ ಕೈ ಹೇಳಿದ ಹಾಗೆ. ಮೆಲ್ಲಗೆ ಮೀಟುವವರು ಇನ್ನೂ ಇಳಿಸಬಹುದು. ಬಡಿದು ನುಡಿಸುವವರು ಇಳಿಸಿದರೆ ಸ್ವರಕ್ಕಿಂತ ಫ್ರೆಟ್ ಸದ್ದೇ ಜಾಸ್ತಿ ಕೇಳುತ್ತದೆ. ಕೆಳಗಿದ್ದಷ್ಟೂ ಒಳ್ಳೆಯದು ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಿಕೆಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿಯನ್ನು ಎತ್ತರಕ್ಕೇ ಇಟ್ಟುಕೊಂಡಿದ್ದರು. ದಪ್ಪ ಫ್ಲ್ಯಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ) ತಂತಿ, ಅದನ್ನು ಒಂದೇ ತೋರುಬೆರಳಲ್ಲಿ ಮೀಟುತ್ತಿದ್ದರು.

ಝರ್ ಸದ್ದಿನ ಬಗ್ಗೆ ಒಂದು ಮಾತು. ಆಂಪ್‌ಗೆ (ದನಿ ಹಿಗ್ಗಿಸುವ ಯಂತ್ರಕ್ಕೆ) ಹಾಕದೆ ನುಡಿಸಿದಾಗ ಕೇಳಿಸಿ, ಆಂಪ್‌ನಲ್ಲಿ ಕೇಳಿಸದಿದ್ದರೆ ಅದನ್ನು ಬಿಟ್ಟುಬಿಡಿ. ಆಂಪ್‌ನಲ್ಲೂ ಕೇಳಿದರೆ ಎಲ್ಲಿ ಅಂತ ಹುಡುಕಿ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಮಾತ್ರವಾದರೆ ನೆಕ್ ತೀರಾ ನೆಟ್ಟಗಿದೆ. 12ರ ಆಚೆ ಮಾತ್ರವಾದರೆ ಸ್ಯಾಡಲ್ ತೀರಾ ಕೆಳಗಿದೆ. ಒಂದೇ ಒಂದು ಜಾಗದಲ್ಲಾದರೆ ಮುಂದಿನ ಯಾವುದೋ ಫ್ರೆಟ್ ಎದ್ದಿದೆ. ಬರಿ ತಂತಿ ಮೀಟಿದಾಗ ಮಾತ್ರ ಝರ್ ಅಂದು, ಎಲ್ಲೇ ಒತ್ತಿದರೂ ನಿಂತರೆ ತಲೆಯ ಹತ್ತಿರದ ನಟ್‌ನ ಕಚ್ಚು ಆಳವಾಗಿದೆ. ಈ ನಟ್ಟನ್ನು ಮಾತ್ರ ಮನೆಯಲ್ಲಿ ಅರ ಹಿಡಿದು ತಿದ್ದಲು ಹೋಗಬೇಡಿ. ಸ್ಕ್ರೂ ಆದರೆ ಹಿಂದಕ್ಕೆ ತಿರುಗಿಸಬಹುದು, ಉಜ್ಜಿ ಹೋದದ್ದು ವಾಪಸ್ ಬರುವುದಿಲ್ಲ.

ಇಂಟೊನೇಷನ್ ಎಂದರೆ ತಂತಿ ಎಲ್ಲೆಡೆಯೂ ಶ್ರುತಿಯಲ್ಲಿರುವುದು. ಮೊದಲು ಬರಿ ತಂತಿಯನ್ನು ಟ್ಯೂನರ್ ಇಟ್ಟು ಶ್ರುತಿ ಮಾಡಿ. 12ನೇ ಫ್ರೆಟ್ ಮೇಲೆ ಬೆರಳು ಸುಮ್ನೆ ತಾಗಿಸಿ ಹಾರ್ಮೋನಿಕ್ (ಒತ್ತದೆ ಮೀಟಿದಾಗ ಬರುವ ತೆಳು ಸ್ವರ) ಕೇಳಿ. ಅದೇ ಫ್ರೆಟ್ ಒತ್ತಿ ಇನ್ನೊಮ್ಮೆ. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ಲನ್ನು ಹಿಂದಕ್ಕೆ ತಳ್ಳಿ, ಕೆಳಗಿದ್ದರೆ ಮುಂದಕ್ಕೆ ತನ್ನಿ. ಪ್ರತಿ ಸಲವೂ ಮತ್ತೆ ಶ್ರುತಿ. ಟ್ಯೂನರ್ ನೋಡುವಾಗ ಎಷ್ಟೋ ಜನ ಗಾಬರಿಗೆ ಬಿಗಿಯಾಗಿ ಒತ್ತುತ್ತಾರೆ, ಅಷ್ಟಕ್ಕೇ ಸ್ವರ ಏರುತ್ತದೆ. ದಿನಾ ಹೇಗೆ ಒತ್ತುತ್ತೀರೋ ಹಾಗೇ ಒತ್ತಿ. ಹಳೇ ತಂತಿಯಲ್ಲಿ ಈ ಕೆಲಸ ಮಾಡಲೇಬೇಡಿ. ಕೊಳೆ ಹಿಡಿದು, ಫ್ರೆಟ್ ಬಡಿದು ಅಲ್ಲಲ್ಲಿ ತಗ್ಗಾದ ತಂತಿ ಯಾವ ಜಾಗದಲ್ಲೂ ನಿಜ ಹೇಳುವುದಿಲ್ಲ.

ಇನ್ನು ತಂತಿ. ಬೇಸ್‌ನ ದನಿ ಬದಲಿಸಬೇಕು ಅಂದಾಗ ಜನ ಪಿಕಪ್ ಕೇಳುತ್ತಾರೆ, ಪೆಡಲ್ ಕೇಳುತ್ತಾರೆ. ನಾನು ಮೊದಲು ತಂತಿ ಬದಲಿಸಿ ನೋಡಿ ಅನ್ನುತ್ತೇನೆ. ರೌಂಡ್‌ವೌಂಡ್‌ನಲ್ಲಿ ದುಂಡು ಸರಿಗೆ ಸುತ್ತಿರುತ್ತದೆ. ದನಿ ಝಳಪು, ಬೆರಳು ಜಾರುವಾಗ ಕರ್ ಅನ್ನುತ್ತದೆ, ಫ್ರೆಟ್ಟನ್ನೂ ಬೇಗ ಸವೆಸುತ್ತದೆ. ಫ್ಲ್ಯಾಟ್‌ವೌಂಡ್‌ನಲ್ಲಿ ಚಪ್ಪಟೆ ಪಟ್ಟಿ ಸುತ್ತಿರುತ್ತದೆ. ನಯ, ಮಂದ್ರ, ವರ್ಷಗಟ್ಟಲೆ ಬಾಳಿಕೆ. ಸಾಮಾನ್ಯ ದಪ್ಪ 45ರಿಂದ 105, ಅಂದರೆ ಇಂಚಿನ ಸಾವಿರದ ಭಾಗಗಳಲ್ಲಿ. ದಪ್ಪ ಬದಲಿಸಿದರೆ ಎಳೆತ ಬದಲಾಗುತ್ತದೆ, ನೆಕ್ ಕದಲುತ್ತದೆ, ಮೇಲೆ ಹೇಳಿದ್ದೆಲ್ಲ ಮೊದಲಿನಿಂದ ನೋಡಬೇಕು.

ತಂತಿ ಹಾಕುವಾಗ ತಲೆಯಲ್ಲಿ ತಂತಿ ಸುತ್ತುವ ಕಂಬದಿಂದ ಒಂದು ಗೇಣಿಗೆ ಸ್ವಲ್ಪ ಕಡಿಮೆ ಬಿಟ್ಟು, ಮೊದಲು ಮಡಚಿ, ಆಮೇಲೆ ಆಚೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಸುತ್ತು ಬಿಚ್ಚಿಕೊಂಡು ತಂತಿ ಸತ್ತ ದನಿ ಕೊಡಬಹುದು. ಮೇಲಿಂದ ಕೆಳಕ್ಕೆ ಎರಡು ಮೂರು ಸುತ್ತು ಬಂದರೆ ಸಾಕು. ನಂತರ ನಟ್ ಮುಂದೆ ಮತ್ತು ಸ್ಯಾಡಲ್ ಮುಂದೆ ತಂತಿಯನ್ನು ಹೆಬ್ಬೆರಳಲ್ಲಿ ಒಮ್ಮೆ ಮೆಲ್ಲಗೆ ಅದುಮಿ. ಗಡುಸು ತಂತಿ ಅಲ್ಲಿ ಕಮಾನಿನ ಹಾಗೆ ನಿಂತಿರುತ್ತದೆ, ಅದುಮಿದರೆ ಸರಿಯಾಗಿ ಕೂರುತ್ತದೆ. ಐದು ಸೆಕೆಂಡಿನ ಕೆಲಸ. ಎಷ್ಟೋ ‘ಶ್ರುತಿ ನಿಲ್ಲುತ್ತಿಲ್ಲ’ ದೂರುಗಳು ಇಷ್ಟಕ್ಕೇ ಮುಗಿದಿವೆ. ಹಳೇ ತಂತಿಯನ್ನು ಕುದಿಸುವ ಪದ್ಧತಿಯೂ ಇದೆ. ಕೊಳೆ ಬಿಟ್ಟು ದನಿ ತಿರುಗಿ ಬರುವುದು ನಿಜ, ಆದರೆ ಕೆಲವೇ ದಿನಕ್ಕೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿ ಒರೆಸುವುದು ಅದಕ್ಕಿಂತ ಮೇಲು.

ಕೊಳ್ಳುವವರು ಮೊದಲು ಕೇಳುವುದು ‘ಪಿ ತಗೊಳ್ಳಲಾ, ಜೆ ತಗೊಳ್ಳಲಾ?’ ಅಂತ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್ ಮತ್ತು 1960ರಲ್ಲಿ ಬಂದ ಜಾಝ್ ಬೇಸ್, ಇವತ್ತಿನ ಬಹುಪಾಲು ಬೇಸ್‌ಗಳು ಈ ಎರಡರ ಮಕ್ಕಳು, ಮೊಮ್ಮಕ್ಕಳು. ದನಿಯ ವ್ಯತ್ಯಾಸ ಎಲ್ಲರೂ ಹೇಳುತ್ತಾರೆ, ನಾನು ಕೈಯ ವ್ಯತ್ಯಾಸ ಹೇಳುತ್ತೇನೆ. ಜಾಝ್ ನೆಕ್ ನಟ್ ಹತ್ತಿರ ಸುಮಾರು 38 ಮಿ.ಮೀ. ಅಗಲ, ಪ್ರಿಸಿಷನ್ ಸಾಮಾನ್ಯವಾಗಿ 41ರಿಂದ 44. ಮೊದಲ ಫ್ರೆಟ್‌ಗಳಲ್ಲಿ ಇದು ತಕ್ಷಣ ಗೊತ್ತಾಗುತ್ತದೆ. ಎರಡರ ತಂತಿ ಉದ್ದವೂ 34 ಇಂಚು. ಅದು ದೂರವಾಯಿತು ಅನ್ನುವವರಿಗೆ 30 ಇಂಚಿನ ಶಾರ್ಟ್ ಸ್ಕೇಲ್ ಇದೆ. ಅದು ಮಕ್ಕಳ ಆಟಿಕೆ ಅನ್ನುವವರಿಗೆ ಕಿವಿಗೊಡಬೇಡಿ. ಪಾಲ್ ಮೆಕಾರ್ಟ್ನಿ ಬೀಟಲ್ಸ್ ಜೊತೆ ನುಡಿಸಿದ ಹೋಫ್ನರ್ ಕಂಪನಿಯ ಬೇಸ್ ಶಾರ್ಟ್ ಸ್ಕೇಲೇ.

ಅಂಗಡಿಯಲ್ಲಿ ಆಂಪ್‌ಗೆ ಹಾಕುವ ಮೊದಲು ಬೆಲ್ಟ್ ಹಾಕಿ ನಿಂತು, ಎಡಗೈ ಬಿಟ್ಟುಬಿಡಿ. ನೆಕ್ ನೆಲ ನೋಡುತ್ತಾ ಇಳಿದರೆ ಪ್ರತಿ ಹಾಡಿಗೂ ಎಡಗೈ ಅದನ್ನು ಎತ್ತಿ ಹಿಡಿದೇ ನುಡಿಸಬೇಕು. ಆಮೇಲೆ ಒಂದೊಂದು ಫ್ರೆಟ್ಟಿನಲ್ಲೂ ಒಂದೊಂದು ಸ್ವರ ಹಿಡಿದು, ಅದು ಎಷ್ಟು ಹೊತ್ತು ನಿಲ್ಲುತ್ತದೆ ಕೇಳಿ. ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಯಾವುದಾದರೂ ಸ್ವರ ಠಪ್ಪೆಂದು ಸತ್ತರೆ ಅದು ಡೆಡ್ ಸ್ಪಾಟ್. ಆ ಸ್ವರಕ್ಕೆ ನೆಕ್ ತಾನೇ ಅಲುಗಿ, ತಂತಿಯ ಶಕ್ತಿಯನ್ನು ನುಂಗುತ್ತದೆ. ಯಾವ ಸ್ಕ್ರೂ ತಿರುಗಿಸಿದರೂ ಹೋಗುವುದಿಲ್ಲ. ತಲೆಗೆ ಭಾರ ಕಟ್ಟಿದರೆ ಜಾಗ ಸ್ವಲ್ಪ ಸರಿಯುತ್ತದೆ, ಅಷ್ಟೇ. ಚೂರು ಪಾರು ಇದ್ದರೆ ಹೊಂದಿಕೊಳ್ಳಬಹುದು, ಜೋರಾಗಿದ್ದರೆ ಅದೇ ಮಾದರಿಯ ಇನ್ನೊಂದು ವಾದ್ಯ ಎತ್ತಿಕೊಳ್ಳಿ. ಹಳೇ ಬೇಸ್ ಆದರೆ ಟ್ರಸ್ ರಾಡ್ ಇನ್ನೂ ಎರಡೂ ಕಡೆ ತಿರುಗುತ್ತದಾ ಎಂದು ಮಾರುವವರ ಮುಂದೆಯೇ ನೋಡಿ. ಅದು ತಿರುಗದ ವಾದ್ಯ ಎಷ್ಟು ಚಂದ ಹೊಳೆದರೂ ನಾನು ಬಿಟ್ಟು ಬರುತ್ತೇನೆ.

ವಿದ್ಯುತ್ ಭಾಗದಲ್ಲಿ ನನ್ನ ಮೇಜಿಗೆ ಬರುವ ದೂರುಗಳು ಮೂರೋ ನಾಲ್ಕೋ. ಗುಂಡಿ ತಿರುಗಿಸಿದಾಗ ಗರಗರ ಅಂದರೆ ಒಳಗೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಜಾಝ್ ಬೇಸ್ ಗುಂಯ್ ಅನ್ನುತ್ತಿದ್ದರೆ ಎರಡೂ ವಾಲ್ಯೂಮ್ ಪೂರ್ತಿ ತೆರೆದು ನೋಡಿ. ಎರಡು ಪಿಕಪ್‌ಗಳು ಒಂದರ ಗುಂಯ್ ಇನ್ನೊಂದು ಕಳೆಯುವ ಹಾಗೆ ಸುತ್ತಿರುತ್ತವೆ. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯ ಸರ್ಕ್ಯೂಟ್ ಇರುವಂಥದ್ದು) ದನಿ ಒಡೆದು ಕೇಳಿದರೆ ಬೇರೇನೂ ಬಿಚ್ಚುವ ಮೊದಲು 9 ವೋಲ್ಟ್ ಬ್ಯಾಟರಿ ಬದಲಿಸಿ. ಅದರಲ್ಲಿ ಕೇಬಲ್ ಚುಚ್ಚುವುದೇ ಸ್ವಿಚ್ ಹಾಕಿದ ಹಾಗೆ. ರಾತ್ರಿಯಿಡೀ ಚುಚ್ಚಿಟ್ಟರೆ ರಾತ್ರಿಯಿಡೀ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಆಂಪ್ ವಿಷಯದಲ್ಲಿ ವಾಟ್‌ಗಳ ಹಿಂದೆ ಓಡಬೇಡಿ. 100 ವಾಟ್ ಬದಲು 200 ವಾಟ್ ತಂದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಇನ್ನೊಂದು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಸೇರಿಸಿದರೆ ವ್ಯತ್ಯಾಸ ಜಾಸ್ತಿ ಗೊತ್ತಾಗುತ್ತದೆ. ಆದರೆ ಓಮ್ (ವಿದ್ಯುತ್ ತಡೆಯ ಅಳತೆ) ಲೆಕ್ಕ ಮರೆಯಬಾರದು. 8 ಓಮ್‌ನ ಎರಡು ಕ್ಯಾಬಿನೆಟ್ ಸೇರಿದರೆ 4 ಓಮ್, 4 ಓಮ್‌ನ ಎರಡು ಸೇರಿದರೆ 2. ಆಂಪ್‌ನ ಹಿಂದೆ ಕನಿಷ್ಠ 4 ಅಂತ ಬರೆದಿದ್ದರೆ 2ಕ್ಕೆ ಇಳಿಸಿದಾಗ ಅದು ಬಿಸಿಯಾಗಿ ನಿಂತುಹೋಗಬಹುದು, ಸುಟ್ಟೂ ಹೋಗಬಹುದು. ಗಾಜಿನ ವಾಲ್ವ್ ಇರುವ ಆಂಪ್ ಆದರೆ ಸ್ಪೀಕರ್ ಜೋಡಿಸದೆ ನುಡಿಸಲೇಬಾರದು, ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಆಂಪ್‌ನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರ್ ಕೇಬಲ್ ಹೊರಗೆ ನೋಡಲು ಹಾಗೇ ಇದ್ದರೂ ಒಳಗಿನ ತಂತಿ ಕೂದಲಿನಷ್ಟು ಸಣ್ಣ.

ಬೇಸ್ ಕೆಲವು ತಿಂಗಳು ಮೂಲೆ ಸೇರುವುದಾದರೆ ತಂತಿ ಪೂರ್ತಿ ಸಡಿಲಿಸಬೇಡಿ. ಟ್ರಸ್ ರಾಡ್ ಒಂದೇ ಎಳೆದು ನೆಕ್ ಹಿಂದಕ್ಕೆ ವಾಲುತ್ತದೆ. ಶ್ರುತಿಯಲ್ಲೇ, ಇಲ್ಲವೇ ಒಂದೆರಡು ಸ್ವರ ಇಳಿಸಿ ಪೆಟ್ಟಿಗೆಯಲ್ಲಿಡಿ. ಆಕ್ಟಿವ್ ಆದರೆ ಬ್ಯಾಟರಿ ತೆಗೆದಿಡಿ, ಸೋರಿದರೆ ಸರ್ಕ್ಯೂಟ್ ತಿನ್ನುತ್ತದೆ. ಗೋಡೆಗೆ ಒರಗಿಸಿ ಮಾತ್ರ ಇಡಬೇಡಿ. ತಲೆ ಮುರಿದು ನನ್ನಲ್ಲಿಗೆ ಬಂದ ಬೇಸ್‌ಗಳು ಹೆಚ್ಚಿನವು ವೇದಿಕೆಯಲ್ಲಿ ಬಿದ್ದವಲ್ಲ, ಮನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದವು.