ಮುಟ್ಟದಿದ್ದರೂ ಮೈಗೆ ಹತ್ತುವ ಕಾಂಗ್ರೆಸ್ ಗಿಡ

ಕೋಲಾರದ ಕಡೆ ಮುಂಗಾರು ಎರಡು ಹದ ಬಿದ್ದರೆ ಸಾಕು. ಬೀಳು ಹೊಲ, ಕೆರೆ ಅಂಗಳ, ಖಾಲಿ ಸೈಟು, ರಸ್ತೆ ಅಂಚು, ಎಲ್ಲೆಲ್ಲೂ ಕಾಂಗ್ರೆಸ್ ಗಿಡ ಎದ್ದು ನಿಲ್ಲುತ್ತದೆ. ಅದರ ಬೆನ್ನಿಗೇ ಚರ್ಮದ ಡಾಕ್ಟರ ಹತ್ತಿರ ಜನ ಬರತೊಡಗುತ್ತಾರೆ. ಹೆಚ್ಚಿನವರು ನಲವತ್ತು ದಾಟಿದ ಗಂಡಸರು. ರೆಪ್ಪೆ ಊದಿಕೊಂಡಿರುತ್ತದೆ. ಕತ್ತಿನ ಚರ್ಮ ಕಪ್ಪಾಗಿ ದಪ್ಪಗಾಗಿರುತ್ತದೆ. ಮೊಣಕೈ ಮಡಿಕೆಯಲ್ಲಿ ಕೆರೆದು ಕೆರೆದು ನೀರು ಒಸರುತ್ತಿರುತ್ತದೆ. ರಾತ್ರಿ ನಿದ್ದೆಯಿಲ್ಲ.

ಇದು ಪಾರ್ಥೇನಿಯಂ, ಅಂದರೆ ಇದೇ ಕಾಂಗ್ರೆಸ್ ಗಿಡದ ಅಲರ್ಜಿ ಎಂದರೆ ಹಲವರು ಒಪ್ಪುವುದಿಲ್ಲ. “ನಾನು ಹೊಲಕ್ಕೇ ಹೋಗಲ್ಲ ಸಾರ್, ಟೊಮ್ಯಾಟೊ ಮಂಡೀಲಿ ಲೆಕ್ಕ ಬರೆಯೋನು. ಆ ಗಿಡ ಮುಟ್ಟೇ ಇಲ್ಲ” ಅನ್ನುತ್ತಾರೆ. ಅವರು ಹೇಳುವುದು ನಿಜ. ಆದರೆ ಈ ಕಾಯಿಲೆ ಬರಲು ಗಿಡ ಮುಟ್ಟಬೇಕಾಗಿಯೇ ಇಲ್ಲ.

ಗಿಡದ ಎಲೆ ಮತ್ತು ಕಾಂಡದ ಮೇಲೆ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ರೋಮಗಳಿವೆ. ಅವುಗಳಲ್ಲಿ ಪಾರ್ಥೇನಿನ್ ಎಂಬ ರಾಸಾಯನಿಕ ಇರುತ್ತದೆ. ಗಿಡ ಒಣಗಿದ ಮೇಲೆ ರೋಮ, ಎಲೆಯ ಚೂರು ಪುಡಿಯಾಗಿ ಗಾಳಿಗೆ ಏಳುತ್ತವೆ. ಬೈಕಿನಲ್ಲಿ ಹೋಗುವಾಗ, ಜಗಲಿ ಮೇಲೆ ಕೂತಾಗ, ಬೇಲಿ ಮೇಲೆ ಒಣಹಾಕಿದ ಅಂಗಿ ತೊಟ್ಟಾಗ ಆ ಧೂಳು ಮೈಗೆ ಅಂಟುತ್ತದೆ.

ಪರೀಕ್ಷೆ ಮಾಡುವಾಗ ನಾನು ಮೊದಲು ಗದ್ದ ಮೇಲೆತ್ತಿಸಿ ಅದರ ಕೆಳಗೆ ನೋಡುತ್ತೇನೆ. ಆಮೇಲೆ ಕಿವಿ ಮಡಚಿ ಹಿಂದೆ ನೋಡುತ್ತೇನೆ, ಕಣ್ಣು ಮುಚ್ಚಿಸಿ ಮೇಲಿನ ರೆಪ್ಪೆ ನೋಡುತ್ತೇನೆ. ಈ ಮೂರು ಜಾಗಕ್ಕೆ ಬಿಸಿಲು ಅಷ್ಟಾಗಿ ಬೀಳುವುದಿಲ್ಲ, ಧೂಳು ಮಾತ್ರ ಚೆನ್ನಾಗಿ ಕೂರುತ್ತದೆ. ಅಲ್ಲೂ ಕೆಂಪಾಗಿ ದಪ್ಪಗಾಗಿದ್ದರೆ ಗಾಳಿಯಲ್ಲಿ ಬಂದ ಅಲರ್ಜಿಯೇ ಇರಬೇಕೆಂದು ಅನುಮಾನ ಬಲವಾಗುತ್ತದೆ. ಖಚಿತ ಮಾಡಿಕೊಳ್ಳಲು ಪ್ಯಾಚ್ ಟೆಸ್ಟ್ ಇದೆ. ಅನುಮಾನವಿರುವ ವಸ್ತು ಸವರಿದ ಪಟ್ಟಿಯನ್ನು ಬೆನ್ನಿನ ಮೇಲೆ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತೇವೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತೇವೆ. ಇದಕ್ಕೆ ಸೂಜಿ ಚುಚ್ಚುವುದಿಲ್ಲ.

ಎರಡು ದಿನ ಯಾಕೆ? ಈ ಅಲರ್ಜಿ ನಿಧಾನದ್ದು. ಧೂಳು ತಾಕಿದ ಒಂದೆರಡು ದಿನದ ಮೇಲೆ ತುರಿಕೆ ಜೋರಾಗುತ್ತದೆ. ಹಾಗಾಗಿ ಸೋಮವಾರದ ಧೂಳು ಮರೆತೇಹೋಗಿ, ಮಂಗಳವಾರ ರಾತ್ರಿ ಉಂಡ ಬದನೆಕಾಯಿ ಮೇಲೆ ಅಪವಾದ ಬರುತ್ತದೆ. ನಂಜು ಅಂತ ಬದನೆ ಬಿಟ್ಟು, ಮೊಟ್ಟೆ ಬಿಟ್ಟು, ಮೀನು ಬಿಟ್ಟು ಬರೀ ಗಂಜಿ ಕುಡಿದು ಸೊರಗಿದವರನ್ನು ನೋಡಿದರೆ ಸಂಕಟವಾಗುತ್ತದೆ. ಈ ಕಾಯಿಲೆಗೆ ಆ ಪಥ್ಯ ಬೇಕಿಲ್ಲ. ಹೊಟ್ಟೆ ತುಂಬ ಊಟ ಮಾಡಿ.

ಇನ್ನೊಂದು ಭಯ ಕುಷ್ಠದ್ದು. ಮುಖ, ಕಿವಿ ದಪ್ಪಗಾದಾಗ ಊರಿನಲ್ಲಿ ಗುಸುಗುಸು ಶುರುವಾಗುತ್ತದೆ, ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡುತ್ತಾರೆ. ಪಾರ್ಥೇನಿಯಂ ಅಲರ್ಜಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಜೊತೆಯಲ್ಲಿ ಉಣ್ಣಬಹುದು, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು.

ನನಗೆ ಜಾಸ್ತಿ ಬೇಸರ ತರಿಸುವುದು ಮೆಡಿಕಲ್ ಶಾಪಿನ ಟ್ಯೂಬು. ಅದರಲ್ಲಿ ಜೋರು ಸ್ಟೀರಾಯ್ಡ್ ಜೊತೆಗೆ ಫಂಗಸ್ಸಿಗೊಂದು, ಬ್ಯಾಕ್ಟೀರಿಯಾಕ್ಕೊಂದು ಔಷಧಿ ಬೆರೆಸಿರುತ್ತಾರೆ. ಹಚ್ಚಿದ ಮೂರೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಅದಕ್ಕೇ ಜನ ನಂಬುತ್ತಾರೆ. ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಮರಳುತ್ತದೆ, ಮತ್ತೆ ಟ್ಯೂಬು. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ. ಕಣ್ಣಿನ ಸುತ್ತ ಹಚ್ಚುತ್ತಲೇ ಇದ್ದರೆ ಕಣ್ಣಿನ ಒತ್ತಡವೂ ಏರಬಹುದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರದಂತೆ ಮಾಡಿದೆ. ಆದರೂ ಹೆಸರು ಹೇಳಿದರೆ ಸಿಗುತ್ತದೆ ಅಲ್ವಾ?

ಹಾಗಂತ ಸ್ಟೀರಾಯ್ಡ್ ವಿಷವಲ್ಲ. ಎಷ್ಟು ಜೋರಿನದು, ಯಾವ ಜಾಗಕ್ಕೆ, ಎಷ್ಟು ದಿನ ಎಂದು ಲೆಕ್ಕ ಹಾಕಿ ಕೊಟ್ಟರೆ ಅದೇ ಒಳ್ಳೆ ಔಷಧಿ. ಮುಖಕ್ಕೆ, ರೆಪ್ಪೆಗೆ ಟ್ಯಾಕ್ರೊಲಿಮಸ್ ಎಂಬ ಬೇರೆ ಮುಲಾಮು ಇದೆ. ಅದು ಚರ್ಮ ತೆಳುವಾಗಿಸುವುದಿಲ್ಲ. ಮೊದಮೊದಲು ಸ್ವಲ್ಪ ಉರಿಯುತ್ತದೆ, ಅಷ್ಟಕ್ಕೇ ಬಿಡಬೇಡಿ.

ವರ್ಷಗಟ್ಟಲೆ ಕಾಡುವವರಿಗೆ ಅಜಾಥಯೋಪ್ರಿನ್ ಮಾತ್ರೆ ಕೊಡುತ್ತೇವೆ. ಇದು ಗುಣ ತೋರಿಸಲು ಆರರಿಂದ ಎಂಟು ವಾರ ಬೇಕು. ಎರಡನೇ ವಾರಕ್ಕೇ “ಏನೂ ಆಗ್ಲಿಲ್ಲ” ಎಂದು ನಿಲ್ಲಿಸಿಬಿಡುವವರು ಬಹಳ. ಶುರು ಮಾಡುವ ಮುಂಚೆ ಮತ್ತು ನುಂಗುವಷ್ಟು ಕಾಲವೂ ರಕ್ತಕಣ, ಲಿವರ್ ಪರೀಕ್ಷೆ ಆಗಬೇಕು. ಬಿಳಿ ರಕ್ತಕಣ ಇಳಿದರೆ ಸೋಂಕು ಸುಲಭವಾಗಿ ತಗಲುತ್ತದೆ. ಸುಮ್ನೆ ಹಳೆ ಚೀಟಿ ತೋರಿಸಿ ಮಾತ್ರೆ ಕೊಳ್ಳಬೇಡಿ. ಜ್ವರ, ಗಂಟಲುನೋವು ಬಂದರೆ ಕಾಯದೆ ತೋರಿಸಿ. ಯೂರಿಕ್ ಆಸಿಡ್‌ಗೆ ಅಲೊಪ್ಯೂರಿನಾಲ್ ನುಂಗುತ್ತಿದ್ದರೆ ಮೊದಲೇ ಹೇಳಿ, ಎರಡೂ ಸೇರಿದರೆ ಅಪಾಯ.

ಕಾಯಿಲೆ ಪೂರ್ತಿ ಹೋಗುತ್ತಾ? ಒಮ್ಮೆ ಅಲರ್ಜಿ ಹತ್ತಿದರೆ ದೇಹ ಅದನ್ನು ಬಹಳ ಕಾಲ ನೆನಪಿಟ್ಟುಕೊಳ್ಳುತ್ತದೆ. ಮೊದಲ ವರ್ಷಗಳಲ್ಲಿ ಮಳೆಗಾಲಕ್ಕೆ ಕೆರಳಿ ಚಳಿಗಾಲಕ್ಕೆ ಇಳಿಯುತ್ತದೆ. ಹಾಗೇ ಬಿಟ್ಟರೆ ವರ್ಷವಿಡೀ ಉಳಿಯುತ್ತದೆ. ಕೆಲವರಿಗೆ ಬಿಸಿಲೂ ತಡೆಯದಂತಾಗುತ್ತದೆ. ಹತೋಟಿಯಲ್ಲಿ ಇಡಲು ಮಾತ್ರ ಖಂಡಿತ ಆಗುತ್ತದೆ, ಅರ್ಧ ಕೆಲಸ ಮನೆಯಲ್ಲೇ ಇದೆ.

ತುಂಬುತೋಳಿನ ಅಂಗಿ ಹಾಕಿ. ಬೈಕಿನಲ್ಲಿ ಮುಖ ಮುಚ್ಚುವ ಹೆಲ್ಮೆಟ್ ಇರಲಿ. ಹೊರಗಿಂದ ಬಂದ ತಕ್ಷಣ ಸ್ನಾನ ಮಾಡಿ ಬಟ್ಟೆ ಬದಲಿಸಿ. ಮೈ ಉಜ್ಜುವ ಕಲ್ಲು, ನಾರು ಬೇಡ. ಮೈ ಹಸಿಯಿರುವಾಗಲೇ ಕೊಬ್ಬರಿಎಣ್ಣೆ ಅಥವಾ ವ್ಯಾಸಲೀನ್ ಸವರಿ. ಬಟ್ಟೆ ಮನೆಯೊಳಗೆ ಒಣಗಲಿ.

ಗಿಡ ಕೀಳುವ ಕೆಲಸ ಅಲರ್ಜಿ ಇರುವವರದ್ದಲ್ಲ, ಬೇರೆಯವರು ಮಾಡಲಿ. ಅವರೂ ಕೈಗವಸು ಹಾಕಿಕೊಳ್ಳಲಿ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹಾಗಾಗಿ ಹೂ ಬಿಡುವ ಮೊದಲೇ, ಮಳೆ ಬಂದು ನೆಲ ಮೆತ್ತಗಿರುವಾಗ ಬೇರು ಸಮೇತ ಕೀಳಬೇಕು. ಕಿತ್ತಿದ್ದನ್ನು ಮನೆ ಪಕ್ಕ ಒಣಗಲು ಬಿಟ್ಟರೆ ಪ್ರಯೋಜನವಿಲ್ಲ. ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಒಂದು ಜೀರುಂಡೆ ಈ ಗಿಡದ ಎಲೆ ತಿನ್ನುತ್ತದೆ. ಹಳದಿ ಮೈ, ಕಂದು ಗೆರೆ. ಕಂಡರೆ ಕೊಲ್ಲಬೇಡಿ.

ಚಿಕ್ಕಬಳ್ಳಾಪುರ ಕಡೆಯ ಹೂ ಬೆಳೆಗಾರರಿಗೆ ಒಂದು ಮಾತು. ಸೇವಂತಿಗೆ ಇದೇ ಗಿಡದ ಕುಟುಂಬದ್ದು. ಪಾರ್ಥೇನಿಯಂ ಅಲರ್ಜಿ ಇರುವ ಕೆಲವರಿಗೆ ಅದೂ ಆಗುವುದಿಲ್ಲ. ಹೂ ಬಿಡಿಸಿದ ಮಾರನೆಯ ದಿನವೋ ಆಚೆ ದಿನವೋ ತುರಿಕೆ ಏರುತ್ತಿದ್ದರೆ ಡಾಕ್ಟರಿಗೆ ಬಿಡಿಸಿ ಹೇಳಿ, ಪ್ಯಾಚ್ ಟೆಸ್ಟಿನಲ್ಲಿ ಅದನ್ನೂ ಸೇರಿಸಿ ನೋಡಬಹುದು.

ಮೈಪೂರ್ತಿ ಕೆಂಪಾಗಿ, ಹೊಟ್ಟು ಉದುರಿ, ನಡುಕ ಬಂದು, ಕಾಲು ಊದಿದರೆ ಮುಲಾಮು ಹುಡುಕುತ್ತಾ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಬನ್ನಿ. ಅಡ್ಮಿಟ್ ಆಗಬೇಕಾಗುತ್ತದೆ.